ತಲೆಗೆ ಎಣ್ಣೆ ಇಡುವ ಕೈ

ನನ್ನ ಗಂಡ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಯಾರೋ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಕಳಿಸಿದರು. ಬೆಂಕಿಯ ನಡುವಿಂದ ರೆಕ್ಕೆ ಬಿಚ್ಚಿ ಮೇಲೇಳುವ ಫೀನಿಕ್ಸ್ ಹಕ್ಕಿ. ಕೆಳಗೆ 'ನಿನ್ನ ಬೂದಿಯಿಂದ ನೀನೇ ಎದ್ದು ಬಾ' ಅಂತ ಬರೆದಿತ್ತು. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಅದನ್ನು ನೋಡಿ ನನಗೆ ಧೈರ್ಯ ಬರಲಿಲ್ಲ, ಇನ್ನಷ್ಟು ಸುಸ್ತಾಯಿತು. ಬೆಳಿಗ್ಗೆ ಎದ್ದು ಸ್ಟೌ ಹಚ್ಚುವುದೇ ಕಷ್ಟವಾಗಿದ್ದ ದಿನಗಳು ಅವು.

ಬರುವ ಗುರುವಾರ, ಮಾರ್ಚ್ 19ಕ್ಕೆ ಯುಗಾದಿ. ಈ ಮಾತು ಹಬ್ಬಕ್ಕೆ ಮೊದಲೇ ಹೇಳಬೇಕು ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಸಮಯ ಮಾಡಿಕೊಂಡು ಓದಿ.

ಆಗ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಚಿಕ್ಕಂದಿನಿಂದ ಕೇಳಿದ್ದ, ಸತ್ತು ಮತ್ತೆ ಬದುಕಿದವರ ಕಥೆಗಳೆಲ್ಲ ಒಂದೊಂದಾಗಿ ನೆನಪಿಗೆ ಬರುತ್ತಿದ್ದವು. ನಾನು ಕೋಲಾರದವಳು, ಹಾಗಾಗಿ ಮೊದಲು ಬಂದಿದ್ದು ರೇಣುಕೆ. ಜಮದಗ್ನಿ, ಪರಶುರಾಮರ ಕಥೆ ನಮ್ಮ ಅಂತರಗಂಗೆ ಬೆಟ್ಟದಲ್ಲೇ ನಡೆದಿದ್ದು ಅಂತ ಇಲ್ಲಿನ ಹಿರಿಯರು ಹೇಳುತ್ತಾರೆ. ಪರಶುರಾಮ ಕಾರ್ತವೀರ್ಯನನ್ನು ಕೊಂದಾಗ ಎದ್ದ ಕೋಲಾಹಲದಿಂದಲೇ ಊರಿಗೆ ಕೋಲಾಹಲಪುರ ಅಂತ ಹೆಸರು ಬಂತಂತೆ. ಅಪ್ಪನ ಮಾತಿಗೆ ಕಟ್ಟುಬಿದ್ದು ಅಮ್ಮನ ತಲೆ ಕಡಿದ ಮಗ, ಅಪ್ಪ ವರ ಕೇಳು ಅಂದಾಗ ಕೇಳಿದ್ದು ಅದೇ ಅಮ್ಮನ ಜೀವ. ಜೊತೆಗೆ ಇನ್ನೊಂದು ಮಾತೂ ಕೇಳಿದ. ತನ್ನನ್ನು ಕೊಂದದ್ದು ಅವಳಿಗೆ ನೆನಪಿರಬಾರದು ಅಂತ. ರೇಣುಕೆ ಎದ್ದು ಕೂತಳು. ಆದರೆ ಆ ದಿನ ಅವಳ ಬದುಕಿನಿಂದ ಹೋಯಿತು.

ಆಮೇಲೆ ಮನ್ಮಥ. ವಸಂತನ ಗೆಳೆಯ. ಶಿವನ ಹಣೆಗಣ್ಣಿಗೆ ಸುಟ್ಟು ಬೂದಿಯಾದ. ಅತ್ತು ಬೇಡಿದವಳು ರತಿ. ಅವಳಿಗೆ ಗಂಡ ಸಿಕ್ಕಿದ, ಆದರೆ ಮೈ ಇಲ್ಲದ ಗಂಡ. ಅದಕ್ಕೇ ಅವನಿಗೆ ಅನಂಗ ಅಂತ ಹೆಸರು. ಮೈಯಿರುವ ಗಂಡ ಬೇಕೆಂದರೆ ಅವನು ಕೃಷ್ಣನ ಮಗ ಪ್ರದ್ಯುಮ್ನನಾಗಿ ಹುಟ್ಟುವ ತನಕ ಕಾಯಬೇಕಾಯಿತು.

ಕಚನ ಕಥೆ ನನಗೆ ಎಲ್ಲಕ್ಕಿಂತ ಹತ್ತಿರ. ಸಂಜೀವಿನಿ ವಿದ್ಯೆ ಕಲಿಯಲು ಬಂದ ಹುಡುಗನನ್ನು ಅಸುರರು ಮೂರು ಸಲ ಕೊಂದರು. ಮೂರನೇ ಸಲ ಸುಟ್ಟು, ಬೂದಿಯನ್ನು ಹೆಂಡದಲ್ಲಿ ಕಲಸಿ, ಗುರು ಶುಕ್ರಾಚಾರ್ಯರಿಗೇ ಕುಡಿಸಿಬಿಟ್ಟರು. ಮೂರು ಸಲವೂ ಅವನು ಬೇಕು ಅಂತ ಹಟ ಹಿಡಿದವಳು ಗುರುವಿನ ಮಗಳು ದೇವಯಾನಿ. ಕೊನೆಗೆ ಗುರುವಿನ ಹೊಟ್ಟೆ ಸೀಳಿಕೊಂಡು ಹೊರಬಂದ, ಕಲಿತ ಮಂತ್ರದಿಂದ ಗುರುವನ್ನೂ ಬದುಕಿಸಿದ. ದೇವಯಾನಿ ಮದುವೆಯಾಗು ಅಂದಾಗ ಅವನು ಹೇಳಿದ್ದೇನು? ನಿನ್ನ ತಂದೆಯ ಹೊಟ್ಟೆಯಿಂದ ಬಂದವನು ನಾನು, ಇನ್ನು ನೀನು ನನಗೆ ತಂಗಿಯಾದೆ. ಅವಳು ಅತ್ತು ಉಳಿಸಿಕೊಂಡವನು ಬದುಕಿದ, ಅವಳವನಾಗಿ ಉಳಿಯಲಿಲ್ಲ.

ಇಷ್ಟು ಕಥೆ ನೆನೆದಾಗ ನನಗೆ ಎರಡು ಸಂಗತಿ ಹೊಳೆದವು. ಒಂದು, ಯಾರೂ ಹೋದ ಹಾಗೇ ವಾಪಸ್ ಬರಲಿಲ್ಲ. ಏನೋ ಒಂದು ಕಡಿಮೆಯಾಗಿಯೇ ಬಂದರು. ಇನ್ನೊಂದು ಇದಕ್ಕಿಂತ ದೊಡ್ಡದು. ಯಾರೂ ತಾವಾಗಿ ಎದ್ದು ಬರಲಿಲ್ಲ. ಇನ್ಯಾರೋ ಬೇಡಿದರು, ಹಟ ಮಾಡಿದರು, ಬಾಗಿಲಲ್ಲಿ ಕಾದರು.

ಹೊರದೇಶದ ಕಥೆಗಳಲ್ಲೂ ಹೀಗೇ ಇದೆ ನೋಡಿ. ಗ್ರೀಕರ ಪರ್ಸೆಫೋನೆಯನ್ನು ಪಾತಾಳದ ದೊರೆ ಹೊತ್ತುಕೊಂಡು ಹೋದಾಗ ಅವಳ ತಾಯಿ ಡಿಮೀಟರ್ ಭೂಮಿಯ ಮೇಲೆ ಒಂದು ಕಾಳೂ ಮೊಳೆಯದ ಹಾಗೆ ಮಾಡಿದಳು. ಮಗಳು ವಾಪಸ್ ಬಂದಳು. ಆದರೆ ಅಲ್ಲಿ ದಾಳಿಂಬೆ ಕಾಳು ತಿಂದಿದ್ದಳಲ್ಲ, ಅದಕ್ಕೆ ಪ್ರತಿವರ್ಷ ಕೆಲವು ತಿಂಗಳು ಅಲ್ಲಿಗೇ ಹೋಗಬೇಕು. ಅವಳು ಮೇಲೆ ಬಂದಾಗ ಅವರಿಗೆ ವಸಂತ.

ಆ ಫೀನಿಕ್ಸ್ ಬಗ್ಗೆಯೂ ಹುಡುಕಿ ಓದಿದೆ. ಕ್ರಿ.ಪೂ. 5ನೇ ಶತಮಾನದಲ್ಲಿ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನ ಜನರಿಂದ ಕೇಳಿ ಬರೆದಿಟ್ಟಿದ್ದಾನೆ. ಅವನು ಹೇಳುವ ಕಥೆಯಲ್ಲಿ ಬೆಂಕಿಯೂ ಇಲ್ಲ, ಬೂದಿಯೂ ಇಲ್ಲ. 500 ವರ್ಷಕ್ಕೊಮ್ಮೆ ತಂದೆ ಹಕ್ಕಿ ಸತ್ತಾಗ ಮಗ ಹಕ್ಕಿ ಗಂಧದ ಅಂಟನ್ನು ಮೊಟ್ಟೆಯ ಹಾಗೆ ಉಂಡೆ ಕಟ್ಟುತ್ತದೆ. ಒಳಗೆ ತಂದೆಯ ದೇಹ ಇಟ್ಟು ಮುಚ್ಚಿ, ಅರೇಬಿಯಾದಿಂದ ಈಜಿಪ್ಟಿನ ಸೂರ್ಯನ ಗುಡಿವರೆಗೆ ಹೊತ್ತುಕೊಂಡು ಹೋಗುತ್ತದೆ. ಇದನ್ನು ಓದಿದ ರಾತ್ರಿ ನಾನು ತುಂಬಾ ಅತ್ತೆ. ಬೆಂಕಿಯಿಂದ ಒಂಟಿಯಾಗಿ ಏಳುವ ಹಕ್ಕಿ ನನಗೆ ಏನೂ ಆಗಿರಲಿಲ್ಲ. ತನ್ನವರ ಭಾರ ಹೊತ್ತು ಹಾರುವ ಈ ಹಕ್ಕಿ ನನ್ನದೇ ಅನ್ನಿಸಿತು.

ಈಗ ಯುಗಾದಿಗೆ ಬರುತ್ತೇನೆ.

ಅವರು ಹೋಗಿದ್ದು 2023ರ ಕಾರ್ತಿಕದಲ್ಲಿ. ಮುಂದಿನ ಯುಗಾದಿಗೆ ವರ್ಷ ತುಂಬಿರಲಿಲ್ಲ, ಹಬ್ಬ ಇಲ್ಲ. ಅದು ಎಲ್ಲರಿಗೂ ಗೊತ್ತಿರುವ ಪದ್ಧತಿ, ನನಗೂ ಅದೇ ಬೇಕಿತ್ತು. 2025ರದ್ದು ಬೇರೆ ಥರ. ವರ್ಷ ಮುಗಿದಿತ್ತು. ಆದರೂ ನೆಂಟರು ಫೋನ್ ಮಾಡಿ 'ಮಕ್ಕಳನ್ನ ಕಳಿಸಮ್ಮ, ಎಣ್ಣೆ ಇಟ್ಟು ಕಳಿಸ್ತೀವಿ' ಅಂದರು. ನೀನೂ ಬಾ ಅಂತ ಒಬ್ಬರೂ ಅನ್ನಲಿಲ್ಲ. ಕೆಟ್ಟವರಲ್ಲ. ಎಷ್ಟೋ ಕಾಲದಿಂದ ಬಂದ ರೂಢಿ. ಅರಿಶಿನ, ಕುಂಕುಮ, ಎಣ್ಣೆ, ಆರತಿ ಎಲ್ಲ ಬರುವಾಗ ಗಂಡ ಸತ್ತವಳು ಅಡುಗೆಮನೆ ಕಡೆ ಸರಿದು ನಿಲ್ಲಬೇಕು. ಯಾರೂ ಹೇಳುವುದೇ ಬೇಡ, ನಾವೇ ಸರಿಯುತ್ತೇವೆ. ನಾನೂ ಸರಿದಿದ್ದೆ. ಮಕ್ಕಳನ್ನು ಹಿಂದಿನ ದಿನವೇ ಬಸ್ ಹತ್ತಿಸಿ, ಮನೆಯಲ್ಲಿ ಒಬ್ಬಳೇ ಉಳಿದೆ.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬಾಗಿಲು ಬಡಿದ ಸದ್ದು. ನೋಡಿದರೆ ಅತ್ತಮ್ಮ. ಊರಿಂದ ಮೊದಲ ಬಸ್ಸಿಗೆ ಬಂದಿದ್ದಾರೆ. ಅವರಿಗೆ ಆಗ 71 ವರ್ಷ. ಕೈಯಲ್ಲಿ ಒಂದು ಚೀಲ. ಒಳಗೆ ಹರಳೆಣ್ಣೆ ಬಾಟಲಿ, ಸೀಗೆಪುಡಿ, ಒಂದು ಹಿಡಿ ಗರಿಕೆ, ಬೇವಿನ ಹೂವು. ನಾನು 'ಇದೆಲ್ಲ ಯಾಕೆ ಅತ್ತಮ್ಮ' ಅಂದೆ. ಅವರು ಉತ್ತರ ಕೊಡಲಿಲ್ಲ. ಮಣೆ ಹುಡುಕಿ ತಂದು ಹಾಕಿದರು. 'ಕೂತ್ಕೋಮ್ಮ' ಅಂದರು.

ಕೂತೆ. ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ನನ್ನ ನೆತ್ತಿಗೆ ಮೂರು ಸಲ ಮುಟ್ಟಿಸಿದರು. ಚಿರಂಜೀವಿಗಳ ಹೆಸರು ಹೇಳಿದರು. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಅವರಿಗೆ ಶ್ಲೋಕ ಬರುವುದಿಲ್ಲ, ಬರೀ ಹೆಸರುಗಳು. (ಈ ಪಟ್ಟಿಯಲ್ಲಿ ಅಶ್ವತ್ಥಾಮನ ಹೆಸರೇ ಮೊದಲು ಯಾಕೆ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವನಿಗೆ ಸಾವಿಲ್ಲ, ಆದರೆ ಅದು ಶಾಪ. ಹುಣ್ಣು ಹೊತ್ತು ಒಬ್ಬನೇ ಅಲೆಯಬೇಕು, ಮಾತಾಡಿಸುವವರಿಲ್ಲ. ಅವನ ಅಸ್ತ್ರಕ್ಕೆ ಗರ್ಭದಲ್ಲೇ ಸತ್ತ ಪರೀಕ್ಷಿತನನ್ನು ಬದುಕಿಸಿ ಅಂತ ಕೃಷ್ಣನ ಮುಂದೆ ಮನೆಯ ಹೆಂಗಸರೆಲ್ಲ ಅತ್ತರು. ಅಶ್ವತ್ಥಾಮನಿಗಾಗಿ ಹಾಗೆ ಯಾರಾದರೂ ಅತ್ತ ಕಥೆಯನ್ನು ನಾನು ಕೇಳಿಲ್ಲ.)

ಆಮೇಲೆ ಅಂಗೈ ತುಂಬ ಎಣ್ಣೆ ಸುರಿದು ತಟ್ಟಿದರು. ಗಟ್ಟಿಯಾಗಿ, ಚಿಕ್ಕ ಮಕ್ಕಳಿಗೆ ತಟ್ಟುವ ಹಾಗೆ. ಒಂದೂವರೆ ವರ್ಷದಿಂದ ನನ್ನ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ಆಗಲೇ ಅದು ಗೊತ್ತಾಗಿದ್ದು. ಕಣ್ಣಿಗೆ ಎಣ್ಣೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅತ್ತಮ್ಮನೂ ಗಂಡನನ್ನು ಕಳೆದುಕೊಂಡವರೇ. 22 ವರ್ಷವಾಗಿದೆ. ಈಗ ಮಗನನ್ನೂ ಕಳೆದುಕೊಂಡಿದ್ದಾರೆ. 'ನಿಮಗೆ ಯಾರು ಇಟ್ಟರು ಅತ್ತಮ್ಮ, ಮಾವ ಹೋದಮೇಲೆ?' ಅಂತ ಕೇಳಿದೆ. ತಟ್ಟುತ್ತಿದ್ದ ಕೈ ಒಂದು ಗಳಿಗೆ ನಿಂತಿತು.

'ಯಾರೂ ಇಡ್ಲಿಲ್ಲ ಕಣಮ್ಮ. ಅದಕ್ಕೇ ಬಂದೆ.'

ನಾನು ಸ್ನಾನ ಮಾಡಿ ಬಂದು ಅದೇ ಮಣೆಯ ಮೇಲೆ ಅವರನ್ನು ಕೂರಿಸಿದೆ. ಬೇಡ ಬೇಡ ಅಂದರು. ನಾನು ಬಿಡಲಿಲ್ಲ.

ನನ್ನ ಮನಸ್ಸಿನಲ್ಲಿರುವುದು ಇಷ್ಟೇ. ಎಣ್ಣೆಸ್ನಾನವನ್ನು ನಮ್ಮ ಹಿರಿಯರು ಒಬ್ಬರೇ ಮಾಡಿಕೊಳ್ಳುವ ಕೆಲಸವಾಗಿ ಇಟ್ಟಿಲ್ಲ. ಮನೆಯ ದೊಡ್ಡವರು ನೆತ್ತಿಗೆ ಎಣ್ಣೆ ಇಟ್ಟ ಮೇಲೆಯೇ ಹೊಸ ವರ್ಷ ಶುರು. ಈಗ ಎಲ್ಲರೂ ನಮಗೆ ಹೇಳುವುದು ಬೇರೆ. ನಿನ್ನನ್ನು ನೀನೇ ಬದಲಾಯಿಸಿಕೋ, ಹೊಸ ಡೈರಿ ಬರಿ, ಐದು ಗಂಟೆಗೆ ಏಳು, ಯಾರನ್ನೂ ನಂಬಬೇಡ. ಗಟ್ಟಿಯಿದ್ದವರಿಗೆ ಅದು ಆದೀತು. ಮುರಿದವರಿಗೆ ಆಗುವುದಿಲ್ಲ. ಮುರಿದವರ ಬಾಗಿಲಿಗೆ ಯಾರಾದರೂ ಬರಬೇಕು. ಅಂಥವರನ್ನೇ ಹುಡುಕಿ ಹಬ್ಬದ ದಿನ ದೂರ ಇಡುತ್ತೇವೆ ಅಂದರೆ, ಆ ರೂಢಿ ತಪ್ಪು. ಇದನ್ನು ನಾನು ಅಳುಕಿಲ್ಲದೆ ಹೇಳುತ್ತೇನೆ. ರತಿ ಅತ್ತದ್ದೂ ಗಂಡ ಸತ್ತವಳಾಗಿಯೇ. ಅವಳ ಅಳುವನ್ನು ಶಿವ ಕೇಳಿಸಿಕೊಂಡ, ನಾವು ಆರತಿ ತಟ್ಟೆಯನ್ನು ಅವಳಿಂದ ದೂರ ಹಿಡಿಯುತ್ತೇವೆ.

ಅತ್ತಮ್ಮನ ಊರು ಲಕ್ಷ್ಮೀಸಾಗರದ ಕಡೆ. ಅಲ್ಲಿನ ಕೆರೆಯನ್ನು ನೋಡಿದಾಗಲೂ ನನಗೆ ಇದೇ ನೆನಪಾಗುತ್ತದೆ. ನಾನು ಮದುವೆಯಾಗಿ ಬಂದಾಗ ಅದರ ಒಡಲಲ್ಲಿ ಜಾಲಿ ಬೆಳೆದಿತ್ತು. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ನಮ್ಮ ಜಿಲ್ಲೆಗೆ ಬಿಟ್ಟಾಗ ಮೊದಲು ತುಂಬಿದ ಕೆರೆ ಅದು. ದಿನಕ್ಕೆ 44 ಕೋಟಿ ಲೀಟರ್ ಹರಿಸುವ ಯೋಜನೆ. ಕೆಲವೇ ದಿನಕ್ಕೆ ನೊರೆ ಎದ್ದು ಜನ ಹೆದರಿದರು, ಕೋರ್ಟಿಗೂ ಹೋದರು. ಆ ಭಯ ಸುಳ್ಳಲ್ಲ. ಮೂರನೇ ಹಂತದ ಶುದ್ಧೀಕರಣ ಆಗಬೇಕು ಅಂತ ಈಗಲೂ ಕೇಳುತ್ತಿದ್ದಾರೆ, ಕೇಳಬೇಕು. ಆ ನೀರನ್ನು ನೇರವಾಗಿ ಕುಡಿಯುವ ಹಾಗಿಲ್ಲ. ಹಳೆಯ ಕೆರೆ ವಾಪಸ್ ಬರಲಿಲ್ಲ. ಆದರೂ ಒಣಗಿದ್ದ ಬೋರ್‌ವೆಲ್‌ನಲ್ಲಿ ನೀರು ಕಂಡಾಗ ಅತ್ತಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವತ್ತು ಅವರು ಯಾರನ್ನೂ ಕೇಳಲಿಲ್ಲ, ಇಡಬಹುದಾ ಅಂತ.

ಈ ಸಲದ ಸಂವತ್ಸರದ ಹೆಸರು ಪರಾಭವ. ಸೋಲು ಅಂತ ಅರ್ಥ, ಅದಕ್ಕೆ ಕೆಲವರು ಹೆದರಿದ್ದಾರೆ. 60 ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಹಿಂದಿನ ಪರಾಭವ 1966ರಲ್ಲಿ ಬಂದಾಗ ಅತ್ತಮ್ಮನಿಗೆ 12 ವರ್ಷ. ಮೊನ್ನೆ ಫೋನಿನಲ್ಲಿ ಕೇಳಿದೆ. 'ಬಂತು, ಹೋಯ್ತು. ನೀನು ಎಣ್ಣೆ ಬಿಸಿ ಮಾಡಿಡು, ಬುಧವಾರ ರಾತ್ರೀನೇ ಬರ್ತೀನಿ' ಅಂದರು. ನಮ್ಮ ಬೀದಿಯಲ್ಲಿ ಈ ಸಂಕ್ರಾಂತಿ ಹೊತ್ತಿಗೆ ಗಂಡನನ್ನು ಕಳೆದುಕೊಂಡ ಹುಡುಗಿ ಒಬ್ಬಳಿದ್ದಾಳೆ. ಅವಳಿಗೆ ವರ್ಷ ತುಂಬಿಲ್ಲ, ಈ ಸಲ ಬೇಡ ಅನ್ನುತ್ತಾಳೇನೋ. ಆದರೂ ಹೋಗಿ ಸುಮ್ನೆ ಪಕ್ಕದಲ್ಲಿ ಕೂತು ಬರುತ್ತೇನೆ.

ಹೋದ ವರ್ಷದ ಆ ಸಂಜೆಯದ್ದು ಒಂದು ಮಾತು ಉಳಿದಿದೆ. ಯುಗಾದಿ ಚಂದ್ರನನ್ನು ನೋಡಬೇಕು ಅಂತ ಅತ್ತಮ್ಮ ನನ್ನನ್ನು ಮಹಡಿಗೆ ಕರೆದುಕೊಂಡು ಹೋದರು. ದಕ್ಷನ ಶಾಪಕ್ಕೆ ಕರಗಿ ಕರಗಿ, ಶಿವನ ದಯೆಯಿಂದ ಮತ್ತೆ ತುಂಬಿಕೊಳ್ಳುವವನು ಅವನು. ಅದೇ ಸಂಜೆ ರಂಜಾನ್ ಚಂದ್ರನೂ ಕಾಣಬೇಕಿತ್ತು. ಪಕ್ಕದ ಮಹಡಿಯಲ್ಲಿ ಆ ಮನೆಯವರೆಲ್ಲ ಪಡುವಣದ ಕಡೆ ಮುಖ ಮಾಡಿ ನಿಂತಿದ್ದರು. ನಮಗೆ ಎಷ್ಟು ಹೊತ್ತಾದರೂ ಕಾಣಲಿಲ್ಲ. ಅತ್ತಮ್ಮನ ಕಣ್ಣು ಮಂಜು, ನನ್ನ ಕಣ್ಣಲ್ಲಿ ನೀರು. ಆ ಮನೆಯ ಪುಟ್ಟ ಹುಡುಗಿ ಗೋಡೆಗೆ ಹೊಟ್ಟೆ ಆನಿಸಿ, ಕೈ ಉದ್ದ ಚಾಚಿ, 'ಆಂಟಿ, ಅಲ್ಲಿ, ತೆಂಗಿನ ಮರದ ಪಕ್ಕ' ಅಂದಳು. ಅವಳ ಬೆರಳಿನ ತುದಿ ಹಿಡಿದು ನೋಡಿದೆವು. ಉಗುರಿನಷ್ಟು ತೆಳ್ಳಗೆ, ಇದ್ದ.