ನಾಲ್ಕು ದಶಾಂಶದ ಬಿಯರ್

ನಾನು ಮನೆಯಲ್ಲಿ ಮಾಡಿದ ಬಿಯರ್‌ನಲ್ಲಿ ಆಲ್ಕೋಹಾಲ್ ಎಷ್ಟಿದೆ ಅಂತ ಒಮ್ಮೆ ಕೇಳಿ ನೋಡಿ. ಶೇಕಡಾ 4.9875. ಐದಲ್ಲ, ಐದರ ಆಸುಪಾಸೂ ಅಲ್ಲ. ಇನ್ನೂ ಅಂಕಿ ಬೇಕಿದ್ದರೆ ನನ್ನ ಎಕ್ಸೆಲ್ ಹಾಳೆಯ ಕಾಲಂ ಅಗಲ ಮಾಡಿ ಕೊಡುತ್ತೇನೆ, ಸೊನ್ನೆಗಳಿಗೇನು ಬರವೇ?

ಲೆಕ್ಕ ಸುಲಭ. ಹುದುಗುವ ಮುಂಚಿನ ಗ್ರಾವಿಟಿ, ಅಂದರೆ ದ್ರವ ನೀರಿನ ಎಷ್ಟು ಪಟ್ಟು ಭಾರ ಅನ್ನುವ ಅಂಕಿ, 1.050; ಹುದುಗಿದ ಮೇಲೆ 1.012. ಒಂದರಿಂದ ಇನ್ನೊಂದನ್ನು ಕಳೆದು 131.25ರಿಂದ ಗುಣಿಸಿದರೆ ಮುಗಿಯಿತು. ಗುಣಾಕಾರದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಆ 1.050 ಎಲ್ಲಿಂದ ಬಂತು ಅನ್ನುವುದನ್ನು ಮಾತ್ರ ಯಾರೂ ಕೇಳಬಾರದು.

ಕೇಳಿದಿರಿ ಅಂತಲೇ ಇಟ್ಟುಕೊಳ್ಳೋಣ. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನೆನೆಸಿ ಬಸಿದ ಸಿಹಿನೀರನ್ನು, ಅಂದರೆ ವರ್ಟನ್ನು, ಉದ್ದನೆಯ ಜಾಡಿಗೆ ಸುರಿದು, ತೇಲುತ್ತಾ ಗ್ರಾವಿಟಿ ತೋರಿಸುವ ಗಾಜಿನ ಕೊಳವೆ ಹೈಡ್ರೋಮೀಟರನ್ನು ಇಳಿಬಿಟ್ಟೆ. ಅದು ಬುಗುರಿ ಥರ ನಾಲ್ಕು ಸುತ್ತು ತಿರುಗಿ ಜಾಡಿಯ ಗೋಡೆಗೆ ಅಂಟಿಕೊಂಡಿತು. ಬೆರಳಿಂದ ತಟ್ಟಿದೆ. ಎದುರಿನ ಗೋಡೆಗೆ ಅಂಟಿಕೊಂಡಿತು. ಮೇಲೆ ಎರಡು ಬೆರಳಷ್ಟು ನೊರೆ. ಊದಿದೆ. ನೊರೆ ಕನ್ನಡಕದ ಮೇಲೆ ಬಂದು ಕೂತಿತು. ಒಂದು ಕಣ್ಣು ಮುಚ್ಚಿ, ಫೋನಿನ ಟಾರ್ಚ್ ಬಿಟ್ಟು, ಬಗ್ಗಿ ನೋಡಿದರೆ ಗೆರೆ 48 ಮತ್ತು 52ರ ನಡುವೆ ಎಲ್ಲೋ ಇತ್ತು. ನಡುವಿನದು 50, ಅಂದರೆ 1.050. ಬರೆದುಕೊಂಡೆ. ಒಂದು ಗೆರೆ ಆಚೀಚೆ ಆದರೆ ಆಲ್ಕೋಹಾಲ್ 0.13 ಆಚೀಚೆ ಆಗುತ್ತದೆ. ಆದರೂ ನಾಲ್ಕನೇ ದಶಾಂಶದ ಆ ಐದು ಇದೆಯಲ್ಲ, ಅದನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ.

ನಮ್ಮ ಪಂಗಡದವರೆಲ್ಲ ಹೀಗೇ. ಮನೆಯಲ್ಲಿ ಬಿಯರ್ ಮಾಡುವ ಇಬ್ಬರು ಸೇರಿದರೆ ಲೋಟ ಹೊರಗೆ ಬರುವ ಮುಂಚೆ ಲ್ಯಾಪ್‌ಟಾಪ್ ಹೊರಗೆ ಬರುತ್ತದೆ. "ನಿಮ್ಮದು ಎಷ್ಟು ಶೀಟು?" "ಹದಿನಾಲ್ಕು. ನಿಮ್ಮದು?" ಹನ್ನೊಂದು ಶೀಟಿನವರು ತಲೆ ತಗ್ಗಿಸುತ್ತಾರೆ. ಕುಡಿಯಲೆಂದೇ ಬಂದ ಗೆಳೆಯನೊಬ್ಬ ಕಾದೂ ಕಾದೂ ಸುಸ್ತಾಗಿ, "ಲೋ, ಕುಡಿಯೋಕೆ ಕೊಡ್ತೀಯಾ, ಇಲ್ಲ ಆಡಿಟ್ ಮುಗೀಬೇಕಾ?" ಅಂದಿದ್ದ. ಅವನನ್ನು ಈಗ ಕರೆಯುವುದಿಲ್ಲ.

ಇದರ ಹಿಂದೆ ವಿಧಿಯ ಕೈವಾಡವೂ ಇರಬಹುದು. ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಅಮೆರಿಕದ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಕಾನೂನಿಗೆ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ, ಅದು ಜಾರಿಗೆ ಬಂದದ್ದು 1979ರ ಫೆಬ್ರವರಿಯಲ್ಲಿ. ಪರ್ಸನಲ್ ಕಂಪ್ಯೂಟರ್‌ನ ಮೊದಲ ಸ್ಪ್ರೆಡ್‌ಶೀಟ್ ವಿಸಿಕ್ಯಾಲ್ಕ್ ಮಾರಾಟಕ್ಕೆ ಬಂದದ್ದೂ ಅದೇ 1979ರಲ್ಲಿ. ಜಾತಕ ನೋಡದೆಯೇ ಗಂಟು ಬಿದ್ದಿತ್ತು.

ನನ್ನ ಹಾಳೆಯೂ ಹುಟ್ಟುವಾಗ ಬಡಪಾಯಿಯೇ. ಮಾಲ್ಟ್ ಎಷ್ಟು, ನೀರು ಎಷ್ಟು, ಬಿಯರಿಗೆ ಕಹಿ ಕೊಡುವ ಹೂವು ಹಾಪ್ಸ್ ಎಷ್ಟು, ಅಷ್ಟೇ. ಆಮೇಲೆ ಮಾಲ್ಟ್ ನೆನೆಸುವ ನೀರು ಎಷ್ಟು ಬಿಸಿ ಇರಬೇಕು ಅನ್ನುವ ಫಾರ್ಮುಲಾ ಬಂತು. ಕಾಳು 20 ಡಿಗ್ರಿ ಇದ್ದು, ಕಿಲೋಗೆ ಮೂರು ಲೀಟರ್ ನೀರು ಹಾಕಿ, ಕೊನೆಗೆ 66 ಡಿಗ್ರಿಗೆ ನಿಲ್ಲಬೇಕಾದರೆ ನೀರು 72.29 ಡಿಗ್ರಿ ಇರಬೇಕು. ನಾನು 72.29 ಬರುವವರೆಗೆ ಒಲೆಯ ಮುಂದೆ ತಪಸ್ಸು ಮಾಡಿದ್ದೇನೆ. ಕಾಳು 20 ಡಿಗ್ರಿ ಇದೆ ಅಂತ ಹೇಗೆ ಗೊತ್ತು ಅಂದಿರಾ? ಚೀಲದೊಳಗೆ ಕೈ ಹಾಕಿ ನೋಡಿದ್ದೆ, ತಣ್ಣಗಿತ್ತು. ಪಾತ್ರೆಯಲ್ಲಿ ಎಷ್ಟು ಲೀಟರ್ ಇದೆ ಅಂತ ನೋಡಲು ಮರದ ಸೌಟಿಗೆ ಚಾಕುವಿನಿಂದ ಗೀಟು ಹಾಕಿದ್ದೇನೆ. ಆ ಗೀಟು ಒಂದೊಂದೂ ಬೆರಳಿನಷ್ಟು ದಪ್ಪ. ಹಾಳೆಯಲ್ಲಿ ಮಾತ್ರ 19.37 ಲೀಟರ್.

ಹಾಪ್ಸಿನ ಕಹಿಗೆ ಬಂದರೆ ಇನ್ನೂ ಮಜಾ ಇದೆ. ಕಹಿಯನ್ನು ಐಬಿಯು ಅನ್ನುವ ಮಾನದಲ್ಲಿ ಅಳೆಯುತ್ತಾರೆ. ಅದನ್ನು ಅಂದಾಜು ಮಾಡಲು ಟಿನ್ಸೆತ್ ಫಾರ್ಮುಲಾ ಒಂದಿದೆ, ರೇಜರ್ ಫಾರ್ಮುಲಾ ಇನ್ನೊಂದಿದೆ, ಗ್ಯಾರೆಟ್ಜ್ ಅಂತ ಮೂರನೆಯದೂ ಇದೆ. ಕಹಿಯ ಮೂಲವಾದ ಆಲ್ಫಾ ಆಸಿಡ್ ಆರು ಶೇಕಡಾ ಇರುವ 30 ಗ್ರಾಂ ಹಾಪ್ಸ್ ಹಾಕಿ, 20 ಲೀಟರ್ ವರ್ಟನ್ನು ಒಂದು ಗಂಟೆ ಕುದಿಸಿದರೆ ಟಿನ್ಸೆತ್ 21 ಅನ್ನುತ್ತದೆ. ರೇಜರ್ 28 ಅನ್ನುತ್ತದೆ. ಅದೇ ಪಾತ್ರೆ, ಅದೇ ಹಾಪ್ಸ್. ಒಂದು ಮದುವೆಗೆ ಇಬ್ಬರು ಪುರೋಹಿತರನ್ನು ಕರೆದ ಹಾಗಾಯಿತು. ಬುದ್ಧಿ ಇದ್ದವರು ಒಂದನ್ನು ಹಿಡಿದು ಅದರಲ್ಲೇ ಇರುತ್ತಾರೆ. ನಾನು ಎರಡರ ಸರಾಸರಿ ತೆಗೆದು 24.25 ಅಂತ ಬರೆದೆ. ಅಂದರೆ ಯಾರೂ ಹೇಳದೇ ಇದ್ದ ಮೂರನೇ ಉತ್ತರ. ಐದು ಐಬಿಯುಗಿಂತ ಕಡಿಮೆ ವ್ಯತ್ಯಾಸ ಸಾಮಾನ್ಯ ನಾಲಿಗೆಗೆ ತಿಳಿಯುವುದೇ ಕಷ್ಟ ಅನ್ನುತ್ತಾರೆ. ನಾಲಿಗೆಗೆ ದಶಾಂಶ ಬರಲ್ಲ, ಏನು ಮಾಡೋದು.

ಒಮ್ಮೆ ನೀರಿನ ಸಲ್ಫೇಟ್ ಮತ್ತು ಕ್ಲೋರೈಡಿನ ಅನುಪಾತ ಬರೆಯಲು ಹೋಗಿ 2/1 ಅಂತ ಟೈಪ್ ಮಾಡಿದೆ. ಎಂಟರ್ ಒತ್ತಿದ ತಕ್ಷಣ ಅದು ತಾರೀಖಾಯಿತು. ಅಳಿಸಿದೆ, ಮತ್ತೆ ಬರೆದೆ, ಮತ್ತೆ ತಾರೀಖು. ನನ್ನ ನೀರಿನ ಗುಣ ಹೇಗಿದೆ ಅಂದರೆ "ಫೆಬ್ರವರಿ ಒಂದು" ಅನ್ನುತ್ತಿತ್ತು ಹಾಳೆ. ನಗಬೇಡಿ. ಮಾರ್ಚ್1 ಅಂತ ಮನುಷ್ಯರದೊಂದು ಜೀನ್ ಇತ್ತು. ಎಕ್ಸೆಲ್ ಅದನ್ನೂ ಬಿಡದೆ ತಾರೀಖು ಮಾಡುತ್ತಿತ್ತು. ವಿಜ್ಞಾನಿಗಳು ವರ್ಷಗಟ್ಟಲೆ ಗೋಳಾಡಿದರು, ಕೊನೆಗೆ 2020ರಲ್ಲಿ ಸರಿಹೋಯಿತು. ಸರಿಹೋದದ್ದು ಎಕ್ಸೆಲ್ ಅಲ್ಲ, ಜೀನ್. ಅದರ ಹೆಸರನ್ನು ಮಾರ್ಚ್‌ಎಫ್1 ಅಂತ ಬದಲಾಯಿಸಿದರು. ಮನುಕುಲವೇ ಹಾಳೆಗೆ ಹೊಂದಿಕೊಂಡ ಮೇಲೆ ನನ್ನದೇನು ಹೆಚ್ಚುಗಾರಿಕೆ?

ಇನ್ನು ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವ ಯೀಸ್ಟ್. 1516ರ ಬವೇರಿಯಾದ ಬಿಯರ್ ಕಟ್ಟಳೆಯಲ್ಲಿ ಬಾರ್ಲಿ, ಹಾಪ್ಸ್, ನೀರು ಅಂತ ಮೂರೇ ಹೆಸರು. ಯೀಸ್ಟಿನ ಹೆಸರೇ ಇಲ್ಲ. ಪಾಪ, ಅವರು ಕೆಲಸ ಮಾಡಿಸಿಕೊಂಡರೇ ಹೊರತು ಹಾಜರಿ ಹಾಕಲಿಲ್ಲ. ನಾವು ಹಾಗಲ್ಲ, ಜನಗಣತಿಯನ್ನೇ ಮಾಡುತ್ತೇವೆ. ಏಲ್ ಬಿಯರ್‌ಗೆ ಒಂದು ಮಿಲಿಲೀಟರಿಗೆ, ವರ್ಟಿನ ಸಕ್ಕರೆ ಅಳೆಯುವ ಒಂದು ಪ್ಲೇಟೋ ಡಿಗ್ರಿಗೆ, ಏಳೂವರೆ ಲಕ್ಷ ಯೀಸ್ಟ್ ಕಣ ಬೇಕು ಅಂತ ಲೆಕ್ಕ. ನನ್ನ 20 ಲೀಟರಿಗೆ ಸುಮಾರು 18,600 ಕೋಟಿ ಆಗುತ್ತದೆ. ಹಾಳೆ ಅದನ್ನು ಒಂದೊಂದು ತಲೆಯವರೆಗೆ ತೋರಿಸುತ್ತದೆ. ಪೊಟ್ಟಣ ಕತ್ತರಿಸಿ ಸುರಿಯುವಾಗ ಒಂದು ಚಮಚದಷ್ಟು ಸಿಂಕಿನೊಳಗೆ ಬಿತ್ತು. ಎಷ್ಟು ಕೋಟಿ ಪ್ರಾಣಹಾನಿ ಅಂತ ಲೆಕ್ಕ ಹಾಕಲು ಅಲ್ಲೇ ನಿಂತೆ. ಒಲೆಯ ಮೇಲೆ ಇಟ್ಟಿದ್ದ ಇನ್ನೊಂದು ಪಾತ್ರೆ ಅಷ್ಟರಲ್ಲಿ ಉಕ್ಕಿ ಹೋಯಿತು.

ಬಿಯರಿಗೂ ಲೆಕ್ಕಕ್ಕೂ ಒಳ್ಳೆಯ ನಂಟಿಲ್ಲ ಅಂತ ಹೇಳುತ್ತಿಲ್ಲ. ಗಿನ್ನೆಸ್ ಬ್ರೂವರಿಯಲ್ಲಿ ವಿಲಿಯಂ ಸೀಲಿ ಗಾಸೆಟ್ ಅನ್ನುವವರು ಕೆಲಸ ಮಾಡುತ್ತಿದ್ದರು. ಕೈಯಲ್ಲಿ ಇರುವುದೇ ನಾಲ್ಕಾರು ಸ್ಯಾಂಪಲ್ ಆದಾಗ ಅವುಗಳ ಸರಾಸರಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಅನ್ನುವುದು ಅವರ ತಲೆನೋವು. ಕಂಪನಿ ಸ್ವಂತ ಹೆಸರಲ್ಲಿ ಬರೆಯಲು ಬಿಡುತ್ತಿರಲಿಲ್ಲ. ಹಾಗಾಗಿ 1908ರಲ್ಲಿ ಸ್ಟೂಡೆಂಟ್ ಅನ್ನುವ ಹೆಸರಿನಲ್ಲಿ ಅದಕ್ಕೊಂದು ಉತ್ತರ ಪ್ರಕಟಿಸಿದರು. ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿ ಇವತ್ತಿಗೂ ಸ್ಟೂಡೆಂಟ್ ಟಿ ಟೆಸ್ಟ್ ಅಂತ ಇರುವುದು ಇದೇ. ನಮಗೆ ಎಷ್ಟು ಗೊತ್ತಿಲ್ಲ ಅನ್ನುವುದನ್ನೂ ಅಳೆದು ಹೇಳಿದ ಪುಣ್ಯಾತ್ಮ. ನಾನೂ ಅದೇ ಹುಮ್ಮಸ್ಸಿನಲ್ಲಿ ನನ್ನ ಗ್ರಾವಿಟಿಯಲ್ಲಿ ಎಷ್ಟು ಏರುಪೇರು ಇರಬಹುದು ಅಂತ ಒಂದು ಸೆಲ್ಲಿನಲ್ಲಿ ಫಾರ್ಮುಲಾ ಹಾಕಿದೆ. ಇದ್ದದ್ದು ಒಂದೇ ಅಳತೆ. ಸೊನ್ನೆಯಿಂದ ಭಾಗಿಸಲು ಆಗಲ್ಲ ಅಂತ ಎಕ್ಸೆಲ್ ಕೈಚೆಲ್ಲಿತು. ಆ ಸೆಲ್ಲಿನ ಅಕ್ಷರಕ್ಕೆ ಬಿಳಿ ಬಣ್ಣ ಕೊಟ್ಟೆ. ಈಗ ಏನೂ ಕಾಣಿಸುವುದಿಲ್ಲ.

ಹಾಳೆ ಯಾವತ್ತೂ ಸೋಲದಿರುವುದಕ್ಕೆ ನಿಜವಾದ ಗುಟ್ಟು ಬೇರೆಯೇ ಇದೆ. ಅದರ ಹೆಸರು ಎಫಿಶಿಯೆನ್ಸಿ. ಮಾಲ್ಟಿನಲ್ಲಿ ಇರುವ ಸಕ್ಕರೆಯಲ್ಲಿ ಎಷ್ಟು ಶೇಕಡಾ ನಿಮ್ಮ ಪಾತ್ರೆಗೆ ಇಳಿಯಿತು ಅನ್ನುವ ಅಂಕಿ. ನಾನು 72 ಅಂತ ಹಾಕಿದ್ದೆ. 1.050 ಬರಬೇಕಿದ್ದ ಗ್ರಾವಿಟಿ ಒಂದು ಸಲ 1.043ಕ್ಕೆ ನಿಂತಿತು. ಹಾಳೆ ತುಂಬ ಕೆಂಪು. ಹೊಟ್ಟೆಯಲ್ಲಿ ತಳಮಳ. ಆಮೇಲೆ ಜ್ಞಾನೋದಯವಾಯಿತು. ಎಕ್ಸೆಲ್‌ನಲ್ಲಿ ಗೋಲ್ ಸೀಕ್ ಅಂತ ಒಂದು ಸೌಲಭ್ಯ ಇದೆ. ಉತ್ತರ ಇಷ್ಟು ಬರಬೇಕು ಅಂತ ಹೇಳಿದರೆ ಸಾಕು, ಪ್ರಶ್ನೆಯನ್ನು ಅದೇ ತಿದ್ದಿ ಕೊಡುತ್ತದೆ. ಓಡಿಸಿದೆ. 72 ಇದ್ದ ಎಫಿಶಿಯೆನ್ಸಿ 61.92 ಆಯಿತು. ಕೆಂಪು ಸೆಲ್ಲುಗಳೆಲ್ಲ ಒಂದೊಂದಾಗಿ ಹಸಿರಾದವು. ಯೋಜನೆ ಹಾಕಿದ್ದು 1.043ಕ್ಕೇ, ಬಂದದ್ದೂ 1.043. ಏನು ಕರಾರುವಾಕ್ಕು! ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಆ ಮೀಸೆಗೆ ನಮ್ಮಲ್ಲಿ ಪ್ರತ್ಯೇಕ ಸೆಲ್ಲೇ ಇದೆ.

ಆವತ್ತು ನಿಜವಾಗಿ ಆದದ್ದು ಏನೆಂದರೆ, ಮಾಲ್ಟ್ ಒಡೆಯುವ ಗಿರಣಿಯ ರೋಲರ್ ಸಡಿಲವಾಗಿತ್ತು. ಅರ್ಧ ಕಾಳು ಒಡೆದಿರಲೇ ಇಲ್ಲ. ಬಸಿದ ಮೇಲೆ ಚರಟದಲ್ಲಿ ಕೈ ಆಡಿಸಿದರೆ ಇಡಿ ಕಾಳು ಸಿಗುತ್ತಿತ್ತು. ಆದರೆ ಚರಟದಲ್ಲಿ ಕೈ ಆಡಿಸಲು ಪುರುಸೊತ್ತು ಯಾರಿಗಿತ್ತು? ಮುಂದಿನ ಸಲ 61.92ಕ್ಕೆ ಸರಿಯಾಗಿ ಜಾಸ್ತಿ ಮಾಲ್ಟ್ ತಂದೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಬಂದು ರೋಲರ್ ಬಿಗಿ ಮಾಡಿಕೊಟ್ಟಿದ್ದರು. ಗ್ರಾವಿಟಿ 1.058ಕ್ಕೆ ಹಾರಿತು. ಎಫಿಶಿಯೆನ್ಸಿಯನ್ನು ಮತ್ತೆ 72 ಮಾಡಿದೆ. ಎರಡು ಸಲವೂ ಹಾಳೆ ಸರಿ, ಎರಡು ಸಲವೂ ಬಿಯರ್ ತಪ್ಪು.

ಅಂದಾಜು ಅಂತ ಒಂದು ಕಾಲಂ, ನಿಜ ಅಂತ ಇನ್ನೊಂದು ಕಾಲಂ ಇಡುವುದು ನಮ್ಮಲ್ಲಿ ವಾಡಿಕೆ. ಬ್ಯಾಚು ಜಾಸ್ತಿ ಆದ ಹಾಗೆ ಅಳೆಯುವ ಬೇಸರವೂ ಜಾಸ್ತಿ ಆಯಿತು. ಒಂದು ದಿನ ನಿಜದ ಕಾಲಂನಲ್ಲಿ "ಅಂದಾಜಿಗೆ ಸಮ" ಅಂತ ಫಾರ್ಮುಲಾ ಕೂರಿಸಿ ಕೆಳಗಿನವರೆಗೆ ಎಳೆದುಬಿಟ್ಟೆ. ಎರಡೂ ಕಾಲಂ ತಾಳೆಯಾದವು, ಮನಸ್ಸಿಗೂ ನೆಮ್ಮದಿ. ಹತ್ತನೇ ದಿನಕ್ಕೆ ಹುದುಗುವುದು ಮುಗಿಯಿತು ಅಂತ ಹಾಳೆ ಹೇಳಿತು. ಗ್ಯಾಸ್ ಬರಲು ಎಷ್ಟು ಸಕ್ಕರೆ ಹಾಕಬೇಕು ಅನ್ನುವುದನ್ನೂ ಗ್ರಾಮಿನ ಹತ್ತನೇ ಭಾಗದವರೆಗೆ ಹೇಳಿತು. ಹಾಕಿ, ಬಾಟಲಿ ತುಂಬಿ, ಮುಚ್ಚಳ ಬಿಗಿದೆ. ಹಾಳೆಯಲ್ಲಿ ಹುದುಗುವುದು ಮುಗಿದಿತ್ತು. ಬಕೆಟ್ಟಿನಲ್ಲಿ ಮುಗಿದಿರಲಿಲ್ಲ.

ಎರಡನೇ ವಾರದ ಒಂದು ರಾತ್ರಿ ಅಡುಗೆಮನೆಯಿಂದ ಠಪ್ ಅಂತ ಸದ್ದು. ಐದು ನಿಮಿಷ ಬಿಟ್ಟು ಇನ್ನೊಂದು. ಎದ್ದು ಹೋದರೆ ಸೂರಿನವರೆಗೆ ನೊರೆ, ನೆಲದ ತುಂಬ ಗಾಜು. ಮನೆಯವಳು ಪೊರಕೆ ಹಿಡಿದು ಬಂದಳು. ನಾನು ಲ್ಯಾಪ್‌ಟಾಪ್ ಹಿಡಿದು ಬಂದೆ. "ಎಷ್ಟು ಒಡೆದವು?" ಅಂತ ಕೇಳಿದಳು. ನಷ್ಟದ ಕಾಲಂನಲ್ಲಿ ಆಗಲೇ ಶೇಕಡಾ 8.33 ಅಂತ ಬರೆದಾಗಿತ್ತು. "ಎರಡು" ಅಂದೆ. ಮೂರನೆಯದು ಅವಳ ಬೆನ್ನ ಹಿಂದೆ ಒಡೆಯಿತು. ಹಾಳೆ ತಾನಾಗಿಯೇ 12.5 ಅಂತ ತಿದ್ದಿಕೊಳ್ಳುತ್ತದೆ, ನೋಡು ಬಾ ಅಂತ ಕರೆದೆ. ಬರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಪ್ಪಿಕೊಳ್ಳಬೇಕು, ಹಾಳೆಯ ಮೂಲ ನನ್ನದಲ್ಲ. ಯಾರೋ ಯಾರಿಗೋ ಕೊಟ್ಟು, ಅವರು ಇನ್ಯಾರಿಗೋ ಕೊಟ್ಟು ನನ್ನವರೆಗೆ ಬಂದದ್ದು. ಒಂಬತ್ತನೇ ಶೀಟಿನಲ್ಲಿ ಮುಚ್ಚಿಟ್ಟ ಒಂದು ಕಾಲಂ ಇದೆ. ಅದರಲ್ಲಿ ಒಂದೇ ಅಂಕಿ, 0.92. ಪಕ್ಕದಲ್ಲಿ "ಮುಟ್ಟಬೇಡಿ" ಅಂತ ಟಿಪ್ಪಣಿ. ಕಹಿ, ಬಣ್ಣ, ನೀರು, ಎಲ್ಲವೂ ಅದರಿಂದ ಗುಣಿಸಿಕೊಂಡೇ ಮುಂದೆ ಹೋಗುತ್ತವೆ. ಯಾಕೆ ಅಂತ ನನಗೆ ಕೊಟ್ಟವರನ್ನು ಕೇಳಿದೆ. "ನಾನು ಮುಟ್ಟಿಲ್ಲ. ನನಗೆ ಕೊಟ್ಟವರೂ ಮುಟ್ಟಿಲ್ಲ ಸಾರ್" ಅಂದರು. ದನಿಯಲ್ಲಿ ಭಕ್ತಿ ಇತ್ತು. ಒಮ್ಮೆ ಧೈರ್ಯ ಮಾಡಿ ಅಳಿಸಿ ನೋಡಿದೆ. ಹದಿನಾಲ್ಕು ಶೀಟೂ ಕೆಂಪಾದವು. ತಕ್ಷಣ ವಾಪಸ್ ಹಾಕಿ ಕೈ ತೊಳೆದುಕೊಂಡೆ.

ಹೊಸದಾಗಿ ಬಿಯರ್ ಮಾಡಲು ಹೊರಟ ಹುಡುಗನೊಬ್ಬ ಮೊನ್ನೆ ಹಾಳೆ ಕಳಿಸಿ ಅಂತ ಕೇಳಿದ. ಕಳಿಸುವ ಮುಂಚೆ ಒಂದು ಸಲ ಒಪ್ಪ ಮಾಡೋಣ ಅಂತ ಕೂತೆ. 0.92ರ ಕೆಳಗಿನ ಸೆಲ್ಲಿನಲ್ಲಿ 1.07 ಅಂತ ಇತ್ತು. ಅದನ್ನು ಹಾಕಿದ್ದು ನಾನೇ. ಯಾವ ಬ್ಯಾಚಿಗೆ, ಯಾಕೆ ಅನ್ನುವುದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಪಕ್ಕದಲ್ಲಿ "ಮುಟ್ಟಬೇಡಿ" ಅಂತ ಬರೆದು, ಸೇವ್ ಮಾಡಿ, ಕಳಿಸಿದೆ.