ಒಂದೇ ಒಂದು ಏಟು ಸಾರ್!

ಮಳೆ ಹನಿಯಿತೆಂದು ವೈಪರ್ ಹಾಕಿದರೆ ಮೋಟಾರು ಗುಂಯ್ ಅನ್ನುತ್ತದೆ, ಕಡ್ಡಿಗಳು ಮಾತ್ರ ಮಲಗಿದಲ್ಲೇ ಮಲಗಿರುತ್ತವೆ. ಒಳಗೆ ಮೋಟಾರಿನ ತಿರುಗನ್ನು ಕಡ್ಡಿಗಳಿಗೆ ಮುಟ್ಟಿಸುವ ಸರಳುಗಳ, ಅಂದರೆ ಲಿಂಕೇಜಿನ, ಕೀಲು ಕಳಚಿದೆ, ಅಷ್ಟೆ. ಕೂರಿಸಲು ಐದು ನಿಮಿಷ ಸಾಕು. ಆದರೆ ಅಲ್ಲಿಗೆ ಕೈ ಹೋಗಬೇಕಾದರೆ ಗಾಜಿನ ಬುಡದ ಪ್ಲಾಸ್ಟಿಕ್ ಹೊದಿಕೆ ಬಿಚ್ಚಬೇಕು, ಅದು ಬರಬೇಕಾದರೆ ಕಡ್ಡಿಗಳನ್ನು ಹಿಡಿದಿರುವ ತೋಳು, ಅಂದರೆ ಎರಡೂ ವೈಪರ್ ಆರ್ಮ್, ಕಳಚಬೇಕು. ಆರ್ಮೋ, ಮಾವನ ಮನೆಗೆ ಬಂದ ಅಳಿಯನ ಹಾಗೆ, ಏಳುವ ಮಾತೇ ಇಲ್ಲ.

ಆರ್ಮಿನ ಬುಡ ಹೆಚ್ಚಾಗಿ ಅಲ್ಯೂಮಿನಿಯಂ ಎರಕ. ಅದು ಕೂತಿರುವ ಹಲ್ಲಿನ ಶಾಫ್ಟು ಉಕ್ಕು. ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಂತೂ ಕೇಳಲೇಬೇಡಿ.

ಬಾನೆಟ್ ಎತ್ತಿದ್ದೇ ತಡ, ಎಲ್ಲಿಂದಲೋ ಒಬ್ಬರು ಪ್ರತ್ಯಕ್ಷರಾಗುತ್ತಾರೆ. ಪ್ರತಿ ಬೀದಿಗೂ ಒಬ್ಬರಿದ್ದಾರೆ. ಕೈ ಬೆನ್ನ ಹಿಂದೆ, ಬಾಯಲ್ಲಿ ಒಂದೇ ಮಂತ್ರ: "ಸುತ್ತಿಗೆಯಲ್ಲಿ ಒಂದೇ ಒಂದು ಏಟು ಹಾಕಿ ಸಾರ್." ಶಾಫ್ಟಿನ ತಲೆಗೆ ಏಟು ಬಿದ್ದರೆ ತಲೆ ಅಣಬೆಯಾಗುತ್ತದೆ, ಮತ್ತೆ ನಟ್ ಹತ್ತುವುದಿಲ್ಲ, ಕೆಳಗಿನ ಪ್ಲಾಸ್ಟಿಕ್ ಕೀಲೂ ಸೀಳಬಹುದು. ಇದನ್ನೆಲ್ಲ ವಿವರಿಸಿದರೆ ತಲೆಯಾಡಿಸಿ, "ಹಾಗಾದ್ರೆ ಸ್ಕ್ರೂಡ್ರೈವರ್ ಹಾಕಿ ಮೀಟಿ" ಅನ್ನುತ್ತಾರೆ. ಮೀಟಿದರೆ ಹೊದಿಕೆ ಒಡೆಯುತ್ತದೆ. ಕೈ ಜಾರಿದರೆ ಗಾಜೇ.

ಇದಕ್ಕೆಂದೇ ಅಂಗೈಯಗಲದ ಎರಡು ಕಾಲಿನ ಪುಲ್ಲರ್ ಸಿಗುತ್ತದೆ: ಕಾಲಿನ ಕೊಕ್ಕೆಗಳು ಆರ್ಮನ್ನು ಹಿಡಿದಿರುತ್ತವೆ, ನಡುವಿನ ಬೋಲ್ಟು ತಿರುಗಿಸಿದರೆ ಶಾಫ್ಟನ್ನು ಒತ್ತಿ ಆರ್ಮನ್ನು ಮೇಲೆಳೆಯುತ್ತದೆ. ಮೊದಲು ಕಡ್ಡಿ ನಿಂತ ಜಾಗಕ್ಕೆ ಗಾಜಿನ ಮೇಲೆ ಗುರುತಿಗೆ ಟೇಪ್ ಅಂಟಿಸಿ, ಕೆಳಗೆ ಮಡಚಿದ ಟವೆಲ್ ಹಾಸಬೇಕು. ಸ್ಪ್ರಿಂಗ್ ಇರುವ ಆರ್ಮ್ ರಪ್ಪನೆ ಬಡಿದರೆ ಗಾಜು ಉಳಿಯದು. ನಟ್ ಸಡಿಲಿಸಿ, ಪೂರ್ತಿ ತೆಗೆಯದೆ ಶಾಫ್ಟಿನ ತುದಿಗೆ ಸಮನಾಗಿ ಬಿಡಿ. ತ್ರೆಡ್ಡೂ ಉಳಿಯುತ್ತದೆ, ಆರ್ಮ್ ಹಾರಿ ಮುಖಕ್ಕೂ ಬರುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಕಾಲು ಗಂಟೆ ಕಾಯಿರಿ. ("ಅಷ್ಟು ಹೊತ್ತಲ್ಲಿ ಇಪ್ಪತ್ತು ಏಟು ಹಾಕಬಹುದಿತ್ತು!") ಪುಲ್ಲರಿನ ನಡುಬೋಲ್ಟಿಗೆ ಚೂರು ಗ್ರೀಸ್ ಸವರಿ, ಎರಡೂ ಕೊಕ್ಕೆ ಬುಡದಡಿಗೆ ಸಮವಾಗಿ ಸಿಕ್ಕಿಸಿ, ಮೊನೆಯನ್ನು ಶಾಫ್ಟಿನ ನಟ್ಟನಡುವೆ ಇಡಬೇಕು. ಓರೆಯಾದರೆ ಒಂದು ಕೊಕ್ಕೆ ಜಾರಿ ಬೆರಳ ಗಿಣ್ಣಿನ ಚರ್ಮ ಕೀಳುತ್ತದೆ.

ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಪಾನದಲ್ಲಿ (ಸ್ಪ್ಯಾನರಿನಲ್ಲಿ) ಕಾಲು ಸುತ್ತು. ನಿಲ್ಲಿಸಿ. ಮತ್ತೆ ಕಾಲು ಸುತ್ತು. ಅವಸರಪಟ್ಟರೆ ಎರಕದ ಬುಡವೇ ಬಿರಿಯುತ್ತದೆ. ಹಿಂದೆಲ್ಲ ಗ್ಯಾರೇಜಿನ ಮೊಳೆಗೆ ತೂಗುತ್ತಿದ್ದ, ಲೇತ್ ಅಂಗಡಿಯಲ್ಲಿ ಕಡೆದ, ಎಣ್ಣೆ ಕುಡಿದು ಕಪ್ಪಾದ ಪುಲ್ಲರುಗಳು ಹೀಗೇ ಸದ್ದಿಲ್ಲದೆ ಕೆಲಸ ಮುಗಿಸುತ್ತಿದ್ದವು. ಕೇಳಿದವರಿಗೆಲ್ಲ ಎರವಲು ಸಿಗುತ್ತಿದ್ದವು. ಸಂಜೆಗೆ ವಾಪಸ್ಸೂ ಬರುತ್ತಿದ್ದವು.

ಬಿಗಿ ಹಾಗೇ ಇರುವಾಗ ಪಾನದ ಹಿಂಬದಿಯಿಂದ ಆರ್ಮಿನ ಪಕ್ಕಕ್ಕೆ, ಬಾಗಿಲು ತಟ್ಟಿದಷ್ಟು ಮೆತ್ತಗೆ, ಒಮ್ಮೆ ತಟ್ಟಬೇಕು. ಟಪ್! ಬಿಟ್ಟುಕೊಂಡಿತು.

ಬೆನ್ನ ಹಿಂದಿನ ಕೈ ಆಗ ಮುಂದೆ ಬರುತ್ತದೆ. "ನೋಡಿದ್ರಾ ಸಾರ್? ಕೊನೆಗೆ ಏಟಿಗೇ ಬಂತು."