ಬಾಗಿಲು ಹಾಕಿಕೊಂಡು ಬರೆದ ಚಿತ್ರಗಳಾ ಇವು?

ಬೀಡರ್‌ಮೈಯರ್ ಕಾಲದ, ಅಂದರೆ 1815ರಿಂದ 1848ರವರೆಗಿನ ಜರ್ಮನ್, ಆಸ್ಟ್ರಿಯನ್ ಕಲೆಯ ಮನೆ ಚಿತ್ರ ಕಂಡ ಕೂಡಲೇ ಜನ "ಎಷ್ಟು ಮುದ್ದಾಗಿದೆ" ಅನ್ನುತ್ತಾರೆ. ಜರ್ಮನ್ ಚಿತ್ರಗಾರ ಕೆರ್ಸ್ಟಿಂಗ್ ಬರೆದ, ಕಿಟಕಿ ಪಕ್ಕ ಕೂತು ಕಸೂತಿ ಹಾಕುವ ಹೆಂಗಸು, ದೀಪದ ಬೆಳಕಲ್ಲಿ ಓದುವ ಗಂಡಸು. ಕ್ಯಾಲೆಂಡರ್‌ಗೆ ಹೇಳಿ ಮಾಡಿಸಿದ ಹಾಗಿವೆ.

ಸ್ವಲ್ಪ ಓದಿಕೊಂಡವರು ಇದಕ್ಕೊಂದು ಕಾರಣವನ್ನೂ ಕೊಡುತ್ತಾರೆ. 1815ರಲ್ಲಿ ನೆಪೋಲಿಯನ್ ಸೋತ ಮೇಲೆ ಆಸ್ಟ್ರಿಯಾದಲ್ಲಿ, ಜರ್ಮನ್ ರಾಜ್ಯಗಳಲ್ಲಿ ಆಸ್ಟ್ರಿಯಾದ ಮಂತ್ರಿ ಮೆಟರ್ನಿಕ್‌ನ ಹಿಡಿತ, ಎಲ್ಲೆಲ್ಲೂ ಗೂಢಚಾರರು, 1819ರಿಂದ ಪತ್ರಿಕೆಗಳಿಗೆ ಬಿಗಿ ಸೆನ್ಸಾರ್, ಹೊರಗೆ ಬಾಯಿ ಬಿಡುವ ಹಾಗಿಲ್ಲ, ಹಾಗಾಗಿ ಜನ ಬಾಗಿಲು ಹಾಕಿಕೊಂಡು ಮನೆಯೊಳಗೆ ನೆಮ್ಮದಿ ಹುಡುಕಿದರು, ಚಿತ್ರಗಾರರೂ ಅದನ್ನೇ ಬರೆದರು, 1848ರ ಕ್ರಾಂತಿಯವರೆಗೂ ಇದೇ ಕಥೆ ಅಂತ.

ಸುಳ್ಳಲ್ಲ. ಕೊಳ್ಳುವವರು ಮಧ್ಯಮ ವರ್ಗದವರು, ಅವರ ಮನೆ ಗೋಡೆಗೆ ಚಿಕ್ಕ ಚಿತ್ರವೇ ಸರಿ. ಆದರೆ ಆ ಬಾಗಿಲು ಗಟ್ಟಿಯಾಗಿ ಹಾಕಿತ್ತು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ವಿಯೆನ್ನಾದ ಪೀಟರ್ ಫೆಂಡಿಯನ್ನೇ ತಗೊಳ್ಳಿ. 1840ರಲ್ಲಿ ಅವನು ಬರೆದದ್ದು ಜಪ್ತಿಯ ಚಿತ್ರ. ಬಡವರ ಮನೆ. ಸಾಮಾನು ಜಪ್ತಿ ಮಾಡುವವರು ನೇರ ಒಳಗೇ ಬಂದು ನಿಂತಿದ್ದಾರೆ. ಇನ್ನೆಲ್ಲಿಯ ನೆಮ್ಮದಿ? ಇದನ್ನು ಬರೆದವನು ಬೀದಿಯ ಕ್ರಾಂತಿಕಾರಿಯೂ ಅಲ್ಲ. ಚಕ್ರವರ್ತಿಯ ನಾಣ್ಯ ಸಂಗ್ರಹದಲ್ಲಿ ಚಿತ್ರಗಾರನಾಗಿದ್ದವನು, ರಾಜಮನೆತನದ ಮಕ್ಕಳಿಗೆ ಚಿತ್ರ ಕಲಿಸಿದವನು!

ಇನ್ನು ಜರ್ಮನ್ ಚಿತ್ರಗಾರ ಕಾರ್ಲ್ ಸ್ಪಿಟ್ಸ್‌ವೆಗ್‌ನ 'ಬಡ ಕವಿ', 1839ರದ್ದು. ಎಲ್ಲರೂ ನೋಡಿರುತ್ತೀರಿ. ಸುಮಾರು 36 ಸೆಂ.ಮೀ. ಎತ್ತರ, 45 ಸೆಂ.ಮೀ. ಅಗಲ, ಅಷ್ಟೇ. ಸೂರಿನಡಿಯ ಕೋಣೆ, ನೆಲದ ಮೇಲೆ ಹಾಸಿಗೆ, ತಲೆಗೆ ಟೋಪಿ, ಬಾಯಲ್ಲಿ ಗರಿ ಲೇಖನಿ. ಸೂರು ಸೋರುತ್ತದೆ ಅಂತ ಮೇಲೊಂದು ಬಿಚ್ಚಿದ ಕೊಡೆ ತೂಗುಹಾಕಿದೆ. ಇಷ್ಟು ನೋಡಿ ನಕ್ಕು ಮುಂದೆ ಹೋಗುತ್ತೇವೆ. ಸ್ವಲ್ಪ ಎಡಕ್ಕೆ ನೋಡಿ. ಒಲೆಯ ಕೊಳವೆಗೆ ಅವನ ಹ್ಯಾಟ್ ನೇತುಹಾಕಿದೆ. ಅಂದರೆ ಒಲೆ ತಣ್ಣಗಿದೆ. ಕಿಟಕಿಯಾಚೆ ಸೂರುಗಳ ಮೇಲೆ ಹಿಮ. ಒಲೆಯ ಬಾಯಲ್ಲಿ ಕಾಗದ ತುರುಕಿದೆ, ಪಕ್ಕದಲ್ಲಿ ಕಟ್ಟಿಟ್ಟ ಹಸ್ತಪ್ರತಿ, ಅದರ ಮೇಲೆ ಲ್ಯಾಟಿನ್‌ನಲ್ಲಿ 'ನನ್ನ ಕೃತಿಗಳ ಮೂರನೇ ಕಟ್ಟು' ಅಂತಿದೆ. ಮೊದಲೆರಡು ಕಟ್ಟು ಎಲ್ಲಿ ಹೋದವು ಅಂತ ಬೇರೆ ಹೇಳಬೇಕಾ?

ಅವನ ಬೆರಳುಗಳು ಏನನ್ನೋ ಹಿಡಿದಿರುವ ಹಾಗಿವೆ. ಛಂದಸ್ಸಿನ ಲೆಕ್ಕ ಹಾಕುತ್ತಿದ್ದಾನೆ ಅಂತ ಕೆಲವರು, ಚಿಗಟ ಹಿಸುಕುತ್ತಿದ್ದಾನೆ ಅಂತ ಕೆಲವರು. ನನ್ನ ಮತ ಚಿಗಟಕ್ಕೆ. ಮ್ಯೂನಿಕ್‌ನಲ್ಲಿ ಇದನ್ನು ಮೊದಲು ತೋರಿಸಿದಾಗ ಜನರಿಗೆ ಹಿಡಿಸಲಿಲ್ಲ, ಕವಿಯನ್ನು ಹೀಗೆ ಆಡಿಕೊಳ್ಳುವುದಾ ಅಂತ. ಅವರು ಸರಿಯಾಗಿಯೇ ನೋಡಿದ್ದರು ಅನ್ಸುತ್ತೆ. ಮುದ್ದು ಮಾಡಿದ್ದು ಆಮೇಲಿನವರು, ಪೋಸ್ಟ್‌ಕಾರ್ಡ್ ಮಾಡಿ ಮಾಡಿ.

ಈ ಚಿತ್ರವನ್ನು ಸ್ಪಿಟ್ಸ್‌ವೆಗ್ ಒಂದಕ್ಕಿಂತ ಹೆಚ್ಚು ಸಲ ಬರೆದಿದ್ದ. ಅದರ ಬರ್ಲಿನ್ ಪ್ರತಿಯನ್ನು 1976ರಲ್ಲಿ ಉಲಾಯ್ ಅನ್ನುವ ಕಲಾವಿದ ಹಾಡಹಗಲೇ ಗ್ಯಾಲರಿಯಿಂದ ಎತ್ತಿಕೊಂಡು ಹೋಗಿ, ಅದೇ ಊರಿನ ಕ್ರಾಯ್ಟ್ಸ್‌ಬರ್ಗ್ ಬಡಾವಣೆಯ ಟರ್ಕಿ ಮೂಲದ ವಲಸೆ ಕುಟುಂಬವೊಂದರ ಮನೆಯಲ್ಲಿ ನೇತುಹಾಕಿದ್ದ. ಕಲಾಪ್ರದರ್ಶನವಾಗಿ ಬೇಕೆಂದೇ ಮಾಡಿದ ಕೆಲಸ ಅದು, ಚಿತ್ರ ವಾಪಸ್ ಬಂತು. 1989ರಲ್ಲಿ ನಿಜವಾದ ಕಳ್ಳರು ಬಂದರು. ಅವರು ಒಯ್ದ ಆ ಬರ್ಲಿನ್ ಪ್ರತಿ ಇನ್ನೂ ಸಿಕ್ಕಿಲ್ಲ. ಮ್ಯೂನಿಕ್ ಪ್ರತಿ ಇದೆ, ಜೂಮ್ ಮಾಡಿ ನೋಡಿ. ಒಲೆಯಿಂದ ಶುರು ಮಾಡಿ.